ಪ್ರಬುದ್ಧತೆಯಿಂದ ಜಾಗೃತಿಯವರೆಗೆ ಎಷ್ಟು ಹಂತ? ನಾನು ಯಾವುದರಲ್ಲಿದ್ದೇನೆ?

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಮಾನಸಿಕ ಪ್ರಬುದ್ಧತೆಯಿಂದ ಆಧ್ಯಾತ್ಮಿಕ ಜಾಗೃತಿಯವರೆಗೆ ಎಷ್ಟು ಹಂತಗಳು ಎಂಬುದು ಮೊದಲನೆಯದು. ಹತ್ತು ದಿನದ ಮೌನ ಶಿಬಿರ ಮುಗಿಸಿ ಪುಣೆಯ ವಾಕಡದ ಮನೆಗೆ ಮರಳಿದ ಮೇಲೆ ಯಾವುದೂ ಮನಸ್ಸಿಗೆ ತಟ್ಟುತ್ತಿಲ್ಲ, ಹೆಂಡತಿ ಮಾತ್ರ ‘ನೀವು ಕಲ್ಲಾಗಿದ್ದೀರಿ’ ಎಂದು ಅಳುತ್ತಾಳೆ, ಹಾಗಾದರೆ ನಾನು ಯಾವ ಹಂತ ತಲುಪಿದ್ದೇನೆ ಎಂಬುದು ಎರಡನೆಯದು. ನೌಕರಿ ಬಿಟ್ಟು ಆಶ್ರಮ ಸೇರಬಹುದೇ ಎಂಬುದು ಮೂರನೆಯದು. ನಿಮಗೆ ನಿಜವಾಗಿ ಬೇಕಾಗಿರುವುದು ಎರಡನೆಯದಕ್ಕೆ ಉತ್ತರ ಎಂದು ನನ್ನ ಅನುಮಾನ. ಆದರೂ ಕೇಳಿದ ಕ್ರಮದಲ್ಲೇ ಹೇಳುತ್ತೇನೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯೇ ಮನಃಶಾಸ್ತ್ರ ಓದಿ, ಆಪ್ತ ಸಮಾಲೋಚನೆಯ ಕೆಲಸ ಮಾಡುತ್ತಿದ್ದೇನೆ. ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಹುಡುಗ ಹುಡುಗಿಯರು ‘ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಎಲ್ಲ ಹೇಳಬಹುದು, ಅಳುವುದಕ್ಕೆ ಮಾತ್ರ ಆಗುವುದಿಲ್ಲ’ ಎಂದುಕೊಂಡು ನನ್ನಂಥವರನ್ನು ಹುಡುಕಿ ಬರುತ್ತಾರೆ. ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ. ಬಹಳ ಮಂದಿ ಅದನ್ನು ಇನ್ನೊಂದು ರೂಪದಲ್ಲಿ ಕೇಳುತ್ತಾರೆ: ‘ಮನೆಯವರಿಗೆ ನಾನು ಅರ್ಥವಾಗುತ್ತಿಲ್ಲ, ಬಹುಶಃ ನಾನು ಅವರಿಗಿಂತ ಮುಂದೆ ಹೋಗಿಬಿಟ್ಟಿದ್ದೇನೆ.’

ಮೊದಲು ಪಶ್ಚಿಮದ ಲೆಕ್ಕ. ಮನಃಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದರು. ಒಂದೊಂದು ಘಟ್ಟದಲ್ಲೂ ಒಂದು ಜಗ್ಗಾಟ. ಹಸುಗೂಸಿಗೆ ಜಗತ್ತನ್ನು ನಂಬಬೇಕೇ ಬೇಡವೇ ಎಂಬುದು. ಹದಿಹರೆಯದವರಿಗೆ ನಾನು ಯಾರು ಎಂಬುದು. ಯೌವನದಲ್ಲಿ ಇನ್ನೊಬ್ಬರಿಗೆ ಹತ್ತಿರವಾಗಬಲ್ಲೆನೇ ಇಲ್ಲವೇ ಎಂಬುದು. ನಡುವಯಸ್ಸಿನಲ್ಲಿ ಮುಂದಿನವರಿಗಾಗಿ ಏನನ್ನಾದರೂ ಬೆಳೆಸುತ್ತೇನೆಯೇ ಅಥವಾ ನಿಂತ ನೀರಾಗುತ್ತೇನೆಯೇ ಎಂಬುದು. ಮುಪ್ಪಿನಲ್ಲಿ ಬದುಕಿದ್ದನ್ನು ಇದ್ದಂತೆ ಒಪ್ಪುತ್ತೇನೆಯೇ ಅಥವಾ ಹಳಹಳಿಸುತ್ತೇನೆಯೇ ಎಂಬುದು. ಎರಿಕ್ಸನ್ 1994ರಲ್ಲಿ ತೀರಿಕೊಂಡ ಮೇಲೆ ಅವರ ಹೆಂಡತಿ ಜೋನ್ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದರು. ತೊಂಬತ್ತರ ಹರೆಯದಲ್ಲಿ ಕುಳಿತು ನೋಡಿದಾಗ, ಗಂಡ ಮುಪ್ಪಿನ ಬಗ್ಗೆ ಬರೆದದ್ದು ಅವರಿಗೆ ಸಾಲದೆನಿಸಿತ್ತು. ಮೈ ಸೋಲುವಾಗ ಹಳೆಯ ಎಂಟೂ ಜಗ್ಗಾಟಗಳು ಮತ್ತೆ ಎದುರಾಗುತ್ತವೆ ಎಂಬುದನ್ನು ಅವರು ಸ್ವಂತ ಅನುಭವದಿಂದ ಬರೆದರು. ಇಡೀ ಸಿದ್ಧಾಂತದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಈ ತಿದ್ದುಪಡಿಯೇ.

ಮನುಷ್ಯನ ಅಗತ್ಯಗಳ ಬಗ್ಗೆ ಬರೆದ ಮನಃಶಾಸ್ತ್ರಜ್ಞ ಮಾಸ್ಲೋ ಅವರ ಪಿರಮಿಡ್ಡನ್ನು ನೀವು ಕಚೇರಿಯ ತರಬೇತಿಯಲ್ಲಿ ನೋಡಿಯೇ ಇರುತ್ತೀರಿ. ಕೆಳಗೆ ಅನ್ನ ನೀರು, ಮೇಲೆ ತನ್ನ ಶಕ್ತಿಯೆಲ್ಲ ಅರಳುವುದು. 1943ರಲ್ಲಿ ಅವರು ಬರೆದ ಮೂಲ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅದನ್ನು ಆಮೇಲೆ ಚಿತ್ರಿಸಿದವರು ಆಡಳಿತ ನಿರ್ವಹಣೆಯ ಜನ. ಕೊನೆಯ ವರ್ಷಗಳಲ್ಲಿ ಮಾಸ್ಲೋ ಆ ತುದಿಗೂ ಆಚೆ, ತನ್ನನ್ನೇ ಮೀರುವ ಸ್ಥಿತಿಯ ಬಗ್ಗೆ ಬರೆಯತೊಡಗಿದ್ದರು, 1970ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತರಬೇತಿಯ ಚಿತ್ರದಲ್ಲಿ ಮಾತ್ರ ಆ ತುದಿ ಇಂದಿಗೂ ಹಾಗೆಯೇ ಇದೆ.

ನಮ್ಮ ಕಡೆ ಹಂತಗಳಿಗೆ ಕೊರತೆಯಿಲ್ಲ. ವೇದಾಂತಿಗಳು ಶುಭೇಚ್ಛೆಯಿಂದ ತುರ್ಯಗಾವರೆಗೆ ಏಳು ಭೂಮಿಕೆಗಳನ್ನು ಎಣಿಸುತ್ತಾರೆ. ಯೋಗಕ್ಕೆ ಪತಂಜಲಿ ಹೇಳುವುದು ಎಂಟು ಅಂಗ. ಈ ಎಂಟರ ಸುದ್ದಿ ಬಂದಾಗ ಪುಣೆಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನೆನಪಾಗದೆ ಇರುವುದಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, 1937ರಲ್ಲಿ ಈ ಊರಿಗೆ ಬಂದು, 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಉಳಿದ ನಮ್ಮ ನಾಡಿನವರು. ಪತಂಜಲಿಯ ಪಟ್ಟಿಯಲ್ಲಿ ಧ್ಯಾನ ಬರುವುದು ಏಳನೆಯದಾಗಿ. ಮೊದಲನೆಯದು ಯಮ: ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಕೂಡಿಹಾಕದಿರುವುದು. ಐದೂ ಇನ್ನೊಬ್ಬರ ಜೊತೆ ನಾವು ಹೇಗಿರುತ್ತೇವೆ ಎಂಬುದಕ್ಕೆ ಸಂಬಂಧಿಸಿದವು. ನೀವು ಏಳನೆಯದನ್ನು ಹತ್ತು ದಿನ ಮಾಡಿ ಎಂಟನೆಯದರ, ಅಂದರೆ ಸಮಾಧಿಯ, ಅಂಕಪಟ್ಟಿ ಕೇಳುತ್ತಿದ್ದೀರಿ. ಮನೆಯಲ್ಲಿರುವವರು ನಿಮ್ಮನ್ನು ಕೇಳುತ್ತಿರುವುದು ಮೊದಲನೆಯದರ ಅಂಕ.

ನನಗೆ ಎಲ್ಲಕ್ಕಿಂತ ಸರಿಯೆನಿಸುವುದು ಶರಣರ ಷಟ್‌ಸ್ಥಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದು ಸ್ಥಲಕ್ಕೂ ಅದರದೇ ಭಕ್ತಿ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಇದರಲ್ಲಿ ಭಕ್ತನ ಲಕ್ಷಣ ನೋಡಿದರೆ ಕಾಯಕ, ದಾಸೋಹ, ಸದಾಚಾರ. ಮಹೇಶನೆಂದರೆ ಕಷ್ಟ ಬಂದಾಗ ವ್ರತ ಬಿಡದವನು, ಪರಧನಕ್ಕೆ ಕೈಚಾಚದವನು. ಪ್ರಸಾದಿಯೆಂದರೆ ಬಂದದ್ದನ್ನು ಎಚ್ಚರದಿಂದ ಸ್ವೀಕರಿಸುವವನು. ಒಳಮುಖವಾಗುವ ಮಾತು ಆರಂಭವಾಗುವುದೇ ನಾಲ್ಕನೆಯದರಿಂದ. ಅರ್ಧ ದಾರಿ ದುಡಿಮೆ, ಊಟ, ಕೊಟ್ಟ ಮಾತು, ನೆರೆಹೊರೆ ಇವುಗಳಲ್ಲೇ ಹೋಗುತ್ತದೆ. ಇಂದು ನಾವು ಮಾನಸಿಕ ಪ್ರಬುದ್ಧತೆ ಎನ್ನುವುದರ ಬಹುಪಾಲು ಆ ಮೊದಲ ಮೂರರಲ್ಲಿದೆ ಎಂದು ನನ್ನ ಎಣಿಕೆ, ಪಂಡಿತರು ಒಪ್ಪಬೇಕಾಗಿಲ್ಲ.

ಆದರೆ ಇದನ್ನು ಆರು ಮೆಟ್ಟಿಲಿನ ಏಣಿಯೆಂದು ಓದಿದರೆ ಕೆಟ್ಟಿತು. ಚೆನ್ನಬಸವಣ್ಣ ಇದಕ್ಕೆ ಶಾಸ್ತ್ರರೂಪ ಕೊಡುವಾಗ ಒಂದೊಂದು ಸ್ಥಲದಲ್ಲೂ ಉಳಿದ ಸ್ಥಲಗಳನ್ನು ಕಂಡ. ಭಕ್ತನಲ್ಲಿ ಭಕ್ತ, ಭಕ್ತನಲ್ಲಿ ಮಹೇಶ, ಹೀಗೆ ಭಕ್ತನಲ್ಲಿ ಐಕ್ಯದವರೆಗೆ. ಆರಕ್ಕೆ ಆರು, ಒಟ್ಟು ಮೂವತ್ತಾರು. ಮೊದಲ ಸ್ಥಲದಲ್ಲಿ ನಿಂತವನಿಗೂ ಕೊನೆಯದರ ರುಚಿ ಸಿಗಬಹುದು, ಸಿಕ್ಕಿತೆಂದು ಅವನು ಮೇಲೆ ಹೋದಂತಲ್ಲ. ಇನ್ನೂ ಒಂದು ಸಂಗತಿ. ಭಕ್ತಸ್ಥಲಕ್ಕೆ, ಅಂದರೆ ತೀರ ಮೊದಲಿನದಕ್ಕೆ, ಪರಂಪರೆ ಮಾದರಿಯಾಗಿ ತೋರಿಸುವುದು ಯಾರನ್ನು? ಬಸವಣ್ಣನನ್ನು. ಎತ್ತರ ತಗ್ಗುಗಳ ಲೆಕ್ಕ ಅಲ್ಲಿಯೇ ತಲೆಕೆಳಗಾಗುತ್ತದೆ. ಶಿಬಿರದ ಏಳನೆಯ ದಿನ ದೇಹವೇ ಕರಗಿಹೋದಂತೆ ಆಯಿತು ಎಂದು ಬರೆದಿದ್ದೀರಿ. ಆಗಿರಬಹುದು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಅದು ರುಚಿ.

ಹಾಗಾದರೆ ಪರೀಕ್ಷೆ ಯಾವುದು? ಈ ನೆಲದಲ್ಲಿ ಇದಕ್ಕೆ ಎರಡು ಕಥೆಗಳಿವೆ. ಒಂದು ಮರಾಠಿಯವರದು, ಒಂದು ನಮ್ಮದು.

ತೇರ್ ಎಂಬ ಊರಿನಲ್ಲಿ ಗೋರಾ ಕುಂಬಾರನ ಮನೆಯಲ್ಲಿ ಸಂತರೆಲ್ಲ ಕೂಡಿದ್ದರಂತೆ. ಜ್ಞಾನದೇವನ ತಂಗಿ ಮುಕ್ತಾಬಾಯಿ, ಇನ್ನೂ ಹುಡುಗಿ, ಮಡಕೆ ತಟ್ಟುವ ಹಲಗೆಯನ್ನು ತೋರಿಸಿ ‘ಕಾಕಾ, ಇದು ಏತಕ್ಕೆ?’ ಎಂದು ಕೇಳಿದಳು. ‘ಮಡಕೆ ಬೆಂದಿದೆಯೋ ಹಸಿಯಿದೆಯೋ ನೋಡುವುದಕ್ಕೆ.’ ‘ಹಾಗಾದರೆ ನಮ್ಮನ್ನೂ ನೋಡಿ’ ಎಂದಳು. ಗೋರಾ ಒಬ್ಬೊಬ್ಬರ ತಲೆಯ ಮೇಲೂ ತಟ್ಟುತ್ತ ಬಂದ. ಎಲ್ಲರೂ ಸುಮ್ಮನೆ ಕುಳಿತರು. ನಾಮದೇವ ಮಾತ್ರ ಸಿಡಿದ. ವಿಠ್ಠಲನ ಜೊತೆ ನೇರವಾಗಿ ಮಾತನಾಡುವವನು ತಾನು, ತನ್ನ ತಲೆಗೆ ಕುಂಬಾರನ ಹಲಗೆಯೇ? ಗೋರಾ ಹೇಳಿದ: ಈ ಮಡಕೆ ಹಸಿ. ದೂರು ಹೇಳಲು ನಾಮದೇವ ಪಂಢರಪುರಕ್ಕೆ ಓಡಿದರೆ ವಿಠ್ಠಲನೂ ಅದನ್ನೇ ಹೇಳಿ, ವಿಸೋಬಾ ಖೇಚರನನ್ನು ಗುರುವಾಗಿ ಮಾಡಿಕೋ ಎಂದು ಕಳುಹಿಸಿದ. ಗಮನಿಸಿ, ನಾಮದೇವನಿಗೆ ದೇವರು ಕಂಡದ್ದು ಸುಳ್ಳೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ದರ್ಶನ ನಿಜ, ಮಡಕೆ ಹಸಿ. ಎರಡೂ ಒಟ್ಟಿಗೆ ಇರಬಹುದು.

ನಮ್ಮ ಕಥೆ ಸೊನ್ನಲಿಗೆಯದು, ಇಂದಿನ ಸೊಲ್ಲಾಪುರ. ನೀವು ಹುಬ್ಬಳ್ಳಿಗೆ ಹೋಗಿಬರುವ ದಾರಿಯಲ್ಲ, ನಾನು ಇಂಡಿಗೆ ಹೋಗಿಬರುವ ದಾರಿ. ಸಿದ್ಧರಾಮ ಅಲ್ಲಿ ಕೆರೆ ಕಟ್ಟಿಸುತ್ತಿದ್ದ, ಗುಡಿ ಕಟ್ಟಿಸುತ್ತಿದ್ದ. ಲೋಕೋಪಕಾರಿ, ಯೋಗಿ, ಊರಿಗೆ ಊರೇ ಕೈಮುಗಿಯುವ ವ್ಯಕ್ತಿ. ಅಲ್ಲಮಪ್ರಭು ಬಂದು ಕೆಲಸಗಾರರ ನಡುವೆ ನಿಂತು ‘ನಿಮ್ಮ ಒಡ್ಡರಾಮ ಎಲ್ಲಿ?’ ಎಂದು ಕೇಳಿದ. ಅವರು ಕೆರಳಿ ಕಲ್ಲು ತೂರಿದರು. ಸುದ್ದಿ ಮುಟ್ಟಿ ಸಿದ್ಧರಾಮನೇ ಬಂದ, ಅವನ ಹಣೆಗಣ್ಣಿನಿಂದ ಬೆಂಕಿಯೇ ಹೊರಟಿತು. ಇಷ್ಟು ಕೆರೆ ಕಟ್ಟಿದವನನ್ನು ಒಂದು ಹೆಸರು ಸುಟ್ಟಿತು. ಅಲ್ಲಮ ಅವನನ್ನು ಹೀಗಳೆದು ಹೋಗಲಿಲ್ಲ, ಅವನ ಒಳಗನ್ನು ಅವನಿಗೇ ತೋರಿಸಿ ಕಲ್ಯಾಣಕ್ಕೆ ಕರೆದೊಯ್ದ. ಮುಂದೆ ಸಿದ್ಧರಾಮ ದೊಡ್ಡ ಶರಣನಾದ. ಕೆರೆಗಳೂ ವ್ಯರ್ಥವಾಗಲಿಲ್ಲ, ಸೊಲ್ಲಾಪುರದ ಸಿದ್ಧೇಶ್ವರ ಗುಡಿಯ ಸುತ್ತ ಇಂದಿಗೂ ನೀರಿದೆ, ಸಂಕ್ರಾಂತಿಗೆ ಜಾತ್ರೆ ಸೇರುತ್ತದೆ.

ಇದರಿಂದ ‘ಕೋಪ ಬರಬಾರದು’ ಎಂಬ ಪಾಠ ತೆಗೆಯಬೇಡಿ, ಅದು ಬಹಳ ಅಗ್ಗದ ಪಾಠ. ನಮ್ಮ ಮನೆ ಇಂಚಗೇರಿ ಸಂಪ್ರದಾಯಕ್ಕೆ ನಡೆದುಕೊಳ್ಳುವ ಮನೆ. ಅಜ್ಜಿ ಜಪಮಾಲೆ ಹಿಡಿದೇ ಸೊಸೆಯನ್ನು, ಅಂದರೆ ನನ್ನ ಅವ್ವನನ್ನು, ಬೈಯುತ್ತಿದ್ದಳು; ಒಂದು ಮಣಿಯೂ ತಪ್ಪುತ್ತಿರಲಿಲ್ಲ. ಆ ಸಂಪ್ರದಾಯದ ಭಾವುಸಾಹೇಬ ಮಹಾರಾಜರ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು (ಸೊನ್ನಲಿಗೆಯ ಸಿದ್ಧರಾಮ ಬೇರೆ). ಅವರ ಶಿಷ್ಯರು ಮುಂಬಯಿಯ ನಿಸರ್ಗದತ್ತ ಮಹಾರಾಜರು, ಎಚ್ಚರಗೊಂಡವರೆಂದು ಹೆಸರಾದವರು. ನಮ್ಮ ಹಳ್ಳಿಗಾಡಿನ ಒಂದು ಮಠದ ಎಳೆ ಗಿರಗಾಂವ ಸಮೀಪದ ಖೇತವಾಡಿಯ ಬೀಡಿ ಅಂಗಡಿಗೆ ಹೋಗಿ ಮುಟ್ಟಿದ್ದು ಹೀಗೆ. ನಿಸರ್ಗದತ್ತರಿಗೆ ಗುರು ಸಿಕ್ಕಿದ್ದು 1933ರಲ್ಲಿ. 1936ರಲ್ಲಿ ಗುರು ತೀರಿಕೊಂಡರು. ಮರುವರ್ಷ ಇವರು ಮನೆ, ಅಂಗಡಿ ಬಿಟ್ಟು ಅಲೆಯಲು ಹೊರಟರು. ಕೆಲವು ತಿಂಗಳು ತಿರುಗಿ, 1938ರಲ್ಲಿ ಮುಂಬಯಿಗೆ ಹಿಂತಿರುಗಿ ಸಂಸಾರದ ಜೊತೆ, ಬೀಡಿ ವ್ಯಾಪಾರದ ಜೊತೆ ಉಳಿದರು. 1981ರಲ್ಲಿ ಗಂಟಲಿನ ಕ್ಯಾನ್ಸರಿನಿಂದ ಹೋಗುವವರೆಗೂ ಅದೇ ಇಕ್ಕಟ್ಟಾದ ಮನೆಯ ಅಟ್ಟದ ಕೋಣೆಗೆ ದೇಶವಿದೇಶದ ಜನ ಬರುತ್ತಿದ್ದರು. ಅವರ ನಾಲಗೆ ಬಲು ಹರಿತ; ಬಂದವರನ್ನು ಗದರಿಸುತ್ತಿದ್ದರು, ಎಬ್ಬಿಸಿ ಕಳುಹಿಸುತ್ತಿದ್ದರು.

ಆದ್ದರಿಂದ ಬೆಳೆಯುವುದು ಮತ್ತು ಎಚ್ಚರಗೊಳ್ಳುವುದು ಒಂದೇ ಏಣಿಯ ಕೆಳಭಾಗ ಮೇಲ್ಭಾಗ ಅಲ್ಲ ಎಂಬುದು ನನ್ನ ನಿಲುವು. ಅವು ಬೇರೆ ಬೇರೆ ಕೆಲಸಗಳು. ಎಚ್ಚರಗೊಂಡವನ ಸ್ವಭಾವ ಖಾರವಾಗಿಯೇ ಉಳಿಯಬಹುದು. ಆತ್ಮ, ಅರಿವು ಎಂಬ ಶಬ್ದಗಳನ್ನೇ ಬಳಸದ ಹೆಂಗಸೊಬ್ಬಳು ಬಲು ಪ್ರಬುದ್ಧಳಾಗಿರಬಹುದು. ಒಂದರಲ್ಲಿ ಸಾಧಿಸಿದ್ದು ಇನ್ನೊಂದರ ಬಾಕಿಯನ್ನು ತೀರಿಸುವುದಿಲ್ಲ. ಜಾನ್ ವೆಲ್ವುಡ್ ಎಂಬ ಅಮೆರಿಕದ ಮನಃಚಿಕಿತ್ಸಕರು, ಸ್ವತಃ ಬೌದ್ಧ ಸಾಧಕರು, 1980ರ ದಶಕದಲ್ಲೇ ಇದನ್ನು ಗುರುತಿಸಿದರು: ಸಾಧಕರು ತಮ್ಮ ಹಳೆಯ ನೋವು, ಭಯ, ಸಂಬಂಧಗಳ ಗೋಜಲನ್ನು ಎದುರಿಸದೆ ಧ್ಯಾನದ ಮಾತುಗಳ ಹಿಂದೆ ಅಡಗುತ್ತಾರೆ ಎಂದು. ಜ್ಯಾಕ್ ಎಂಗ್ಲರ್ ಎಂಬ ಇನ್ನೊಬ್ಬ ಮನಃಶಾಸ್ತ್ರಜ್ಞರ ಮಾತು ಇನ್ನೂ ಚುಟುಕು. ನಾನು ಯಾರೂ ಅಲ್ಲ ಎನ್ನುವ ಮೊದಲು ನಾನು ಯಾರೋ ಒಬ್ಬನಾಗಿರಬೇಕು ಎಂದರು ಅವರು. ಎರಿಕ್ಸನ್ನರ ಲೆಕ್ಕದಲ್ಲಿ ನಿಮ್ಮ ವಯಸ್ಸಿನ ಜಗ್ಗಾಟ ಇನ್ನೊಬ್ಬರಿಗೆ ಹತ್ತಿರವಾಗುವುದು ಅಥವಾ ಒಂಟಿಯಾಗುವುದು. ಒಂಟಿತನ ಎಷ್ಟೋ ಸಲ ವೈರಾಗ್ಯದ ಹೆಸರಿನಲ್ಲೇ ಬರುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ‘ಯಾವುದೂ ತಟ್ಟುತ್ತಿಲ್ಲ’ ಎಂದು ಬರೆದ ನೀವೇ ನಾಲ್ಕು ಸಾಲಿನ ಕೆಳಗೆ, ಅಪ್ರೈಸಲ್‌ನಲ್ಲಿ ರೇಟಿಂಗ್ ಇಳಿದಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ ಎಂದೂ ಬರೆದಿದ್ದೀರಿ. ಆ ಸಾಲನ್ನು ಸುಮ್ಮನೆ ಸೇರಿಸಿದಂತಿದೆ, ನನಗೆ ಮಾತ್ರ ಇಡೀ ಪ್ರಶ್ನೆಯಲ್ಲಿ ಅದೇ ಮುಖ್ಯವಾಗಿ ಕಂಡಿತು. ಮ್ಯಾನೇಜರನ ಒಂದು ಅಂಕೆ ತಟ್ಟುತ್ತದೆ. ಹೆಂಡತಿಯ ಅಳು ತಟ್ಟುವುದಿಲ್ಲ. ಇದನ್ನು ಸಮಚಿತ್ತ ಎನ್ನಲು ಬರುವುದಿಲ್ಲ; ಸಮಚಿತ್ತವಾಗಿದ್ದರೆ ಎರಡೂ ಕಡೆ ಇರಬೇಕಿತ್ತು. ಗೋರಾನ ಹಲಗೆ ನಿಮ್ಮ ತಲೆಗೆ ತಾಗಿದ್ದು ಅಪ್ರೈಸಲ್‌ನಲ್ಲಿ.

ಸಮಚಿತ್ತಕ್ಕೂ ಮರಗಟ್ಟುವಿಕೆಗೂ ಇರುವ ವ್ಯತ್ಯಾಸವನ್ನು ನಾನು ಹೀಗೆ ನೋಡುತ್ತೇನೆ. ಸಮಚಿತ್ತನಿಗೆ ನೋವು ಬರುತ್ತದೆ, ಪೂರ್ತಿ ಬರುತ್ತದೆ, ಆದರೆ ಅದು ಅವನ ಕೈಕಾಲನ್ನು ಆಡಿಸುವುದಿಲ್ಲ. ಅವನ ಎದುರು ಕುಳಿತು ಅಳುವುದು ಸುಲಭ. ಮರಗಟ್ಟಿದವನಲ್ಲಿ ನೋವು ಬಾಗಿಲಿಗೇ ಬರುವುದಿಲ್ಲ, ಸಂತೋಷವೂ ಬರುವುದಿಲ್ಲ, ಎದುರು ಕುಳಿತವರಿಗೆ ತಾವು ಗೋಡೆಯ ಜೊತೆ ಮಾತನಾಡುತ್ತಿದ್ದೇವೆ ಅನಿಸುತ್ತದೆ. ಹೆಂಡತಿ ಬಳಸಿದ್ದು ಅದೇ ಶಬ್ದ, ಕಲ್ಲು. ಗೀತೆಯಲ್ಲಿ ಅರ್ಜುನ ಸ್ಥಿತಪ್ರಜ್ಞನ ಬಗ್ಗೆ ಕೇಳುವಾಗಲೂ ಅವನಿಗೆ ಒಳಗೆ ಏನು ಕಾಣಿಸುತ್ತದೆ ಎಂದು ಕೇಳುವುದಿಲ್ಲ. ಅವನು ಹೇಗೆ ಮಾತನಾಡುತ್ತಾನೆ, ಹೇಗೆ ಕುಳಿತುಕೊಳ್ಳುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಕೇಳುತ್ತಾನೆ. ಈ ಮೂರಕ್ಕೂ ಸಾಕ್ಷಿ ಹೇಳಬೇಕಾದವರು ಜೊತೆಗಿರುವವರು, ನಾವಲ್ಲ. ನಿಮ್ಮ ಹಂತ ತಿಳಿಯಬೇಕಾದರೆ ನನ್ನನ್ನು ಕೇಳುವ ಮೊದಲು ಆಕೆಯನ್ನು ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಸುಮ್ಮನಿರಿ. ಎಲ್ಲವೂ ಅನಿತ್ಯ ಎಂದು ನಡುವೆ ವಿವರಿಸಲು ಹೋಗಬೇಡಿ. ಅಳುವವರಿಗೆ ಅನಿತ್ಯದ ಉಪದೇಶ ಮಾಡುವುದು ನನ್ನ ಮಟ್ಟಿಗೆ ಒಂದು ಬಗೆಯ ಹಿಂಸೆ.

ಇಲ್ಲಿ ವೈದ್ಯಕೀಯ ಮಾತೊಂದನ್ನೂ ಹೇಳಬೇಕು. ದೀರ್ಘ ಮೌನ, ದಿನವಿಡೀ ಧ್ಯಾನದ ಬಳಿಕ ಕೆಲವರಿಗೆ ಸುತ್ತಲಿನದೆಲ್ಲ ಅವಾಸ್ತವವೆನಿಸುವುದು, ತನ್ನ ಕೈಯೇ ತನ್ನದಲ್ಲ ಎನಿಸುವುದು ಉಂಟು. ಖಿನ್ನತೆಯಲ್ಲೂ ಮೊದಲು ಸಾಯುವುದು ಆಸಕ್ತಿ. ಅದನ್ನು ವೈರಾಗ್ಯವೆಂದು ತಿಳಿದುಕೊಂಡು ತಿಂಗಳುಗಟ್ಟಲೆ ಕಳೆದವರನ್ನು ನೋಡಿದ್ದೇನೆ. ನಿದ್ದೆ, ಹಸಿವು ಕೆಟ್ಟಿದ್ದರೆ, ಈ ಅವಾಸ್ತವ ಭಾವ ವಾರಗಳಾದರೂ ಬಿಡದಿದ್ದರೆ, ಬದುಕುವುದೇ ಬೇಡವೆನಿಸಿದರೆ, ಹಂತಗಳ ಚರ್ಚೆ ಪಕ್ಕಕ್ಕಿಟ್ಟು ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಅಷ್ಟರವರೆಗೆ ಧ್ಯಾನದ ಅವಧಿಯನ್ನು ಇಳಿಸಿ. ಬೆಳಗ್ಗೆ ಸಂಜೆ ಗಂಟೆಗಟ್ಟಲೆ ಕೂರುತ್ತಿದ್ದರೆ ಅದರಲ್ಲಿ ಒಂದು ಹೊತ್ತನ್ನು ನಡಿಗೆಗೆ ಕೊಡಿ, ಸಾಧ್ಯವಾದರೆ ಇಬ್ಬರೂ ಕೂಡಿ.

ಧ್ಯಾನವನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಶಿಬಿರದಲ್ಲಿ ನಿಮಗೆ ಮೊದಲ ಬಾರಿಗೆ ನಿಮ್ಮ ಮನಸ್ಸಿನ ಗದ್ದಲ ಕೇಳಿಸಿತು ಎಂದಿದ್ದೀರಿ, ಅದು ದೊಡ್ಡ ಲಾಭ. ಆ ಗಮನವನ್ನು ಈಗ ಅಪ್ರೈಸಲ್‌ನ ಆ ಎರಡು ರಾತ್ರಿಗಳ ಮೇಲೆ ತಿರುಗಿಸಿ ನೋಡಿ. ನಿದ್ದೆ ಕೆಡಿಸಿದ್ದು ಯಾವುದು? ಹಣವೇ, ಜೊತೆಯವನಿಗೆ ಹೆಚ್ಚು ಸಿಕ್ಕಿದ್ದೇ, ಊರಿನಲ್ಲಿ ಅಪ್ಪನಿಗೆ ಏನು ಹೇಳುವುದು ಎಂಬುದೇ? ನನ್ನ ಕೋಣೆಗೆ ಬರುವವರಲ್ಲಿ ಬಹಳಷ್ಟು ಮಂದಿಗೆ ಕೊನೆಗೆ ಕಾಣುವುದು ಅಪ್ಪನ ಮುಖ. ನಿಮ್ಮದು ಬೇರೆ ಇರಬಹುದು. ಅದು ಕಂಡ ದಿನ ಹೆಂಡತಿಯ ಹತ್ತಿರ ಹೇಳಲು ನಿಮ್ಮ ಬಳಿ ಒಂದು ಮಾತಾದರೂ ಇರುತ್ತದೆ.

ಇನ್ನು ನೌಕರಿ ಬಿಡುವ ವಿಚಾರ. ಗೃಹಸಾಲ ಇನ್ನೂ ಹದಿನಾಲ್ಕು ವರ್ಷ ಇದೆ, ಆಕೆ ಸದ್ಯ ಕೆಲಸ ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ಹಾಗಿರುವಾಗ ನಿಮ್ಮ ವೈರಾಗ್ಯದ ಕಂತು ಕಟ್ಟುವವರು ಆಕೆ. ಈಗಲೇ ರಾಜೀನಾಮೆ ಬೇಡ. ಗಳಿಕೆಯ ರಜೆ ಉಳಿದಿದ್ದರೆ ಒಂದು ತಿಂಗಳು ತೆಗೆದುಕೊಂಡು ಮನೆಯಲ್ಲಿರಿ, ಇನ್ನೊಂದು ಶಿಬಿರಕ್ಕೆ ಓಡಬೇಡಿ. ಇಬ್ಬರೂ ಕೂಡಿ ಸಮಾಲೋಚನೆಗೆ ಹೋಗುವುದಾದರೆ ಪುಣೆಯಲ್ಲಿ ಕನ್ನಡ ಬಲ್ಲವರು ಸಿಗುತ್ತಾರೆ. ಮೊದಲ ಭೇಟಿಯಲ್ಲಿ ಆಕೆಯೇ ಮಾತು ಆರಂಭಿಸಲಿ.